ಸಣ್ಣ ವಿಮಾನದಲ್ಲಿ ಒಲೆಯ ಇಂಧನ: ಓದುಗರ ಪ್ರಶ್ನೆಗಳಿಗೆ ಉತ್ತರ

ರಸ್ತೆಯೇ ಇಲ್ಲದ ಬೆಟ್ಟಕಾಡುಗಳ ನಡುವೆ ಸಣ್ಣ ವಿಮಾನದಲ್ಲಿ ಹೋಗಿ ಇಳಿದು, ಅಲ್ಲಿಂದ ಬೆನ್ನಿಗೆ ಚೀಲ ಏರಿಸಿಕೊಂಡು ದಿನಗಟ್ಟಲೆ ನಡೆಯುವ ಚಾರಣಿಗರು ಕೇಳಿರುವ ಆರು ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಆರೂ ಒಲೆಯ ಇಂಧನಕ್ಕೆ ಸಂಬಂಧಿಸಿದವು. ಉಳಿದ ಉತ್ತರಗಳೆಲ್ಲ ಮೊದಲನೆಯ ಉತ್ತರದ ಮೇಲೆ ನಿಂತಿರುವುದರಿಂದ ಅದನ್ನು ಸಾವಧಾನವಾಗಿ ಬರೆದಿದ್ದೇನೆ. ದಯವಿಟ್ಟು ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಪ್ರಶ್ನೆ: ನನ್ನ ಗೆಳೆಯರೊಬ್ಬರು ತಮ್ಮ ಸ್ವಂತ ನಾಲ್ಕು ಆಸನದ ವಿಮಾನವನ್ನು ಹಾರಿಸುತ್ತಾರೆ. ಮುಂದಿನ ಬೇಸಿಗೆಯಲ್ಲಿ ಅವರು ನಮ್ಮ ಮೂವರನ್ನು ಬೆಟ್ಟಗಳ ನಡುವಿನ ಒಂದು ಏರ್‌ಸ್ಟ್ರಿಪ್‌ನಲ್ಲಿ ಬಿಟ್ಟು, ಆರು ದಿನಗಳ ಬಳಿಕ ಮತ್ತೆ ಬಂದು ಕರೆದೊಯ್ಯಲಿದ್ದಾರೆ. ಅಡುಗೆಗಾಗಿ ತಲಾ 230 ಗ್ರಾಂ ದ್ರವೀಕೃತ ಅನಿಲ ತುಂಬಿದ ಎರಡು ಗ್ಯಾಸ್ ಕ್ಯಾನಿಸ್ಟರ್‌ಗಳನ್ನೂ (ಒಲೆಗೆ ಕೂಡಿಸುವ ಲೋಹದ ಡಬ್ಬಿಗಳು), ಹೆಚ್ಚುವರಿಗೆ ಇರಲೆಂದು ಒಂದು ಲೀಟರ್ ವೈಟ್ ಗ್ಯಾಸ್ (ಒಲೆಗೆ ಬಳಸುವ ಪೆಟ್ರೋಲ್ ಜಾತಿಯ ದ್ರವ) ತುಂಬಿದ ಅಲ್ಯೂಮಿನಿಯಂ ಬಾಟಲಿಯನ್ನೂ ಒಯ್ಯುವ ಯೋಚನೆಯಿದೆ. ಇಂಥ ವಿಮಾನದ ಒಳಗೆ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಇಲ್ಲದ ಕಾರಣ ಮೇಲೇರಿದಂತೆ ಕ್ಯಾನಿಸ್ಟರ್ ಸಿಡಿಯುತ್ತದೆ ಎಂದು ಒಬ್ಬರು ಹೆದರಿಸುತ್ತಾರೆ. ಏನೂ ಆಗುವುದಿಲ್ಲ, ಚೀಲದ ತಳದಲ್ಲಿಟ್ಟು ಸುಮ್ಮನಿರಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತೂ ಸರಿಯಲ್ಲ. ಮೊದಲನೆಯವರು ಅಂಜಬೇಕಾದದ್ದನ್ನು ಬಿಟ್ಟು ಬೇರೆಯದಕ್ಕೆ ಅಂಜಿದ್ದಾರೆ. ಎರಡನೆಯವರ ‘ಸುಮ್ಮನಿರಿ’ ಎಂಬ ಸಲಹೆಯನ್ನು ಓದಿ ನನಗೆ ನಿಜವಾಗಿಯೂ ಕಳವಳವಾಯಿತು. ಅದು ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಎತ್ತರದ ಲೆಕ್ಕವನ್ನು ನೋಡೋಣ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1013 ಮಿಲಿಬಾರ್ ಇರುತ್ತದೆ. 10,000 ಅಡಿ ಎತ್ತರದಲ್ಲಿ ಅದು ಸುಮಾರು 700 ಮಿಲಿಬಾರ್‌ಗೆ ಇಳಿಯುತ್ತದೆ. ಅಂದರೆ ಕ್ಯಾನಿಸ್ಟರ್‌ನ ತಗಡನ್ನು ಹೊರಗಿನಿಂದ ಒತ್ತಿ ಹಿಡಿದಿದ್ದ ಗಾಳಿಯ ಬಲದಲ್ಲಿ ಮೂರನೇ ಒಂದು ಪಾಲು ಕಳೆದುಹೋಗಿ, ಒಳಗಿನ ಅನಿಲ ಮೊದಲಿಗಿಂತ 0.3 ಬಾರ್‌ನಷ್ಟು ಹೆಚ್ಚು ಬಲದಿಂದ ಹೊರಕ್ಕೆ ಒತ್ತಿದಂತಾಗುತ್ತದೆ. ಇದನ್ನು ಶಾಖ ಮಾಡುವ ಕೆಲಸದ ಪಕ್ಕದಲ್ಲಿಟ್ಟು ನೋಡಿ. ಕ್ಯಾನಿಸ್ಟರ್‌ನಲ್ಲಿ ಸಾಮಾನ್ಯವಾಗಿ ಇರುವ ಐಸೊಬ್ಯುಟೇನ್‌ನ ಆವಿಯ ಒತ್ತಡ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3 ಬಾರ್ ಇದ್ದದ್ದು 50 ಡಿಗ್ರಿಯಲ್ಲಿ 7 ಬಾರ್‌ನ ಹತ್ತಿರ ಬರುತ್ತದೆ. ಅದರೊಂದಿಗೆ ಬೆರೆಸುವ ಪ್ರೊಪೇನ್‌ನದು ಅದೇ ಅಂತರದಲ್ಲಿ 8ರಿಂದ 17 ಬಾರ್‌ಗೆ ಏರುತ್ತದೆ. ಎತ್ತರ ಕೂಡಿಸುವುದು 0.3 ಬಾರ್, ಬಿಸಿಲು ಕೂಡಿಸುವುದು ಅದರ ಹತ್ತು ಪಟ್ಟಿಗೂ ಮೇಲೆ. 50 ಡಿಗ್ರಿಗಿಂತ ಹೆಚ್ಚು ಬಿಸಿಗೆ ಒಡ್ಡಬೇಡಿ ಎಂದು ಕ್ಯಾನಿಸ್ಟರ್‌ನ ಮೈಮೇಲೆ ಅಚ್ಚು ಹಾಕಿರುವುದು ಇದೇ ಕಾರಣಕ್ಕಾಗಿ. ಆ ಶಾಖವನ್ನು ತಾಳುವಂತೆ ಮಾಡಿದ ಡಬ್ಬಿಗೆ ತಣ್ಣನೆಯ ಆಕಾಶದಲ್ಲಿ 10,000 ಅಡಿ ಏರುವುದು ದೊಡ್ಡ ಪರೀಕ್ಷೆಯಲ್ಲ. ಮೇಲೆ ಹೋದಂತೆ ಚಳಿ ಹೆಚ್ಚುವುದರಿಂದ ಒಳಗಿನ ಒತ್ತಡ ಎಷ್ಟೋ ಸಲ ನೆಲದಲ್ಲಿದ್ದುದಕ್ಕಿಂತ ಕಡಿಮೆಯೇ ಆಗಿರುತ್ತದೆ.

ಆದ್ದರಿಂದ ನೀವು ಗಮನವಿಡಬೇಕಾದದ್ದು ಹಾರಾಟಕ್ಕೆ ಮುಂಚಿನ ಗಂಟೆಗಳ ಮೇಲೆ. ಬೆಳಿಗ್ಗೆ ಸಾಮಾನು ತುಂಬಿ, ಬಾಗಿಲು ಮುಚ್ಚಿ, ಕಣಿವೆಯ ಮಂಜು ಕರಗಲೆಂದು ಕಾಯುತ್ತ ಕುಳಿತಿರುವಾಗ, ಸುತ್ತಲೂ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಗಳಿರುವ ಆ ಪುಟ್ಟ ಕೋಣೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನಂತೆಯೇ ಕಾಯುತ್ತದೆ. ಕಿಟಕಿಗೆ ಒರಗಿಕೊಂಡ ಚೀಲದ ಮೇಲುಜೇಬಿನಲ್ಲಿ ಕ್ಯಾನಿಸ್ಟರ್ ಇದ್ದರಂತೂ ಅದು ನೇರ ಬಿಸಿಲಿಗೇ ಬಿದ್ದಂತೆ. ಇಂಧನವನ್ನು ಎಲ್ಲಕ್ಕಿಂತ ಕೊನೆಗೆ ಏರಿಸಿ, ಎಲ್ಲಕ್ಕಿಂತ ಮೊದಲು ಇಳಿಸಿ. ನಡುವೆ ಕಾಯಬೇಕಾಗಿ ಬಂದರೆ ಹೊರಗೆ ರೆಕ್ಕೆಯ ನೆರಳಿನಲ್ಲಿ ಇಟ್ಟಿರಿ.

ಇನ್ನು ಸೋರಿಕೆಯ ವಿಷಯ. ನಿಜವಾದ ಅಪಾಯ ಇರುವುದು ಇಲ್ಲಿ. 230 ಗ್ರಾಂ ದ್ರವೀಕೃತ ಅನಿಲ ಪೂರ್ತಿಯಾಗಿ ಆವಿಯಾದರೆ ಸುಮಾರು 100 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಈ ಅನಿಲದ ಪಾಲು ಶೇಕಡಾ 2ರ ಹತ್ತಿರ ಬಂದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. 100 ಲೀಟರ್ ಅನಿಲ ಐದು ಸಾವಿರ ಲೀಟರ್ ಗಾಳಿಯನ್ನು, ಅಂದರೆ ಐದು ಘನ ಮೀಟರ್ ಜಾಗವನ್ನು, ಆ ಮಟ್ಟಕ್ಕೆ ತರಬಲ್ಲದು. ನಾಲ್ಕು ಆಸನದ ಸಣ್ಣ ವಿಮಾನದ ಒಳಗಿನ ಜಾಗ ಹೆಚ್ಚೆಂದರೆ ಅಷ್ಟೇ ಇರುತ್ತದೆ. ಅಷ್ಟೂ ಅನಿಲ ಸೋರಬೇಕೆಂದೂ ಇಲ್ಲ. ಬ್ಯುಟೇನ್ ಗಾಳಿಗಿಂತ ಎರಡು ಪಟ್ಟು, ಪ್ರೊಪೇನ್ ಒಂದೂವರೆ ಪಟ್ಟು, ಪೆಟ್ರೋಲ್ ಜಾತಿಯ ದ್ರವಗಳ ಆವಿ ಮೂರು ನಾಲ್ಕು ಪಟ್ಟು ಭಾರವಾಗಿರುವುದರಿಂದ ಇವು ಕೋಣೆಯಲ್ಲಿ ಸಮವಾಗಿ ಹರಡಿಕೊಳ್ಳದೆ ಕೆಳಗಿಳಿದು, ನೆಲದ ಹಲಗೆಯ ಸಂದಿಗಳಲ್ಲಿ ಹರಿದು ವಿಮಾನದ ಹೊಟ್ಟೆಯಲ್ಲಿ ನಿಲ್ಲುತ್ತವೆ. ವಿದ್ಯುತ್ ತಂತಿಗಳು ಹಾದುಹೋಗುವುದೂ ಅಲ್ಲಿಯೇ. ಎಷ್ಟೋ ವಿಮಾನಗಳಲ್ಲಿ ಬ್ಯಾಟರಿ ಇರುವುದು ಸಾಮಾನು ಇಡುವ ಜಾಗದ ಬೆನ್ನಿಗೆ.

ಹಾಗಾಗಿ ಹೊರಡುವ ಹಿಂದಿನ ದಿನ ಒಂದು ಚಿಕ್ಕ ಪರೀಕ್ಷೆ ಮಾಡಿ. ಒಲೆಯನ್ನು ಕ್ಯಾನಿಸ್ಟರ್‌ನಿಂದ ತಿರುಗಿಸಿ ಬಿಡಿಸಿ. ಒಲೆ ಕೂಡಿಸಿಕೊಂಡೇ ಇದ್ದ ಕ್ಯಾನಿಸ್ಟರ್ ಅನ್ನು ವಿಮಾನದಲ್ಲಿ ಇಡಲೇಬಾರದು, ಏಕೆಂದರೆ ಚೀಲದೊಳಗಿನ ಬೇರೊಂದು ವಸ್ತು ಗುಬುಟಿಗೆ ತಾಗಿ ತಿರುಗಿದರೂ ಅನಿಲ ಹೊರಡುತ್ತದೆ. ಬಿಡಿಸಿದ ಬಳಿಕ ನಡುವಿನ ಗುಂಡಿಯಂಥ ಕವಾಟದ ಮೇಲೆ ಒಂದು ಹನಿ ಸೋಪಿನ ನೀರು ಬಿಟ್ಟು, ಕಣ್ಣು ಹತ್ತಿರ ತಂದು, ಒಂದೆರಡು ನಿಮಿಷ ಗಮನಿಸಿ. ಕವಾಟ ಸರಿಯಾಗಿ ಕೂತಿದ್ದರೆ ಹನಿ ಕನ್ನಡಿಯಂತೆ ನಿಶ್ಚಲವಾಗಿರುತ್ತದೆ. ಮರಳಿನ ಒಂದು ಕಣ ಸಿಕ್ಕಿಕೊಂಡಿದ್ದರೂ ಸಾಸಿವೆಗಿಂತ ಚಿಕ್ಕ ಗುಳ್ಳೆ ಹುಟ್ಟಿ, ನಿಧಾನಕ್ಕೆ ದೊಡ್ಡದಾಗಿ, ಒಡೆದು, ಮತ್ತೆ ಹುಟ್ಟುತ್ತದೆ. ಅಂಥ ಕ್ಯಾನಿಸ್ಟರ್ ವಿಮಾನ ಹತ್ತಬಾರದು. ಹನಿ ನಿಂತ ಕ್ಯಾನಿಸ್ಟರ್ ಅನ್ನು ಒರೆಸಿ, ಅದರೊಂದಿಗೆ ಬಂದ ಪ್ಲಾಸ್ಟಿಕ್ ಮುಚ್ಚಳವನ್ನು ಒತ್ತಿ ಹಾಕಿ. ತಿರುಪಿಲ್ಲದ, ಒಲೆಯೇ ಚುಚ್ಚಿ ತೂತು ಮಾಡುವ ಹಳೆಯ ಬಗೆಯ ಡಬ್ಬಿಗಳು ಒಮ್ಮೆ ಚುಚ್ಚಿದ ಮೇಲೆ ಮುಚ್ಚಿಕೊಳ್ಳುವುದಿಲ್ಲ. ಬಳಕೆ ಶುರುವಾದ ಅಂಥ ಡಬ್ಬಿಯನ್ನು ಹಾರಾಟಕ್ಕೆ ಒಯ್ಯುವ ಮಾತೇ ಬೇಡ.

ಈಗ ನಿಮ್ಮ ಬಾಟಲಿ. ಅದು ನಿಮಗೆ ಬೇಕೇ ಎಂಬುದನ್ನೇ ಮೊದಲು ಕೇಳಿಕೊಳ್ಳಿ. 20 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಸಲು ಸುಮಾರು 335 ಕಿಲೋಜೂಲ್ ಶಾಖ ಬೇಕು. ಪಾತ್ರೆಯ ಬದಿಯಲ್ಲಿ ಹಾರಿಹೋಗುವ ಶಾಖವನ್ನೂ ಸೇರಿಸಿಕೊಂಡರೆ ಗ್ಯಾಸ್ ಒಲೆ ಅದಕ್ಕೆ 13ರಿಂದ 15 ಗ್ರಾಂ ಅನಿಲ ತಿನ್ನುತ್ತದೆ. ಮೂವರು ಆರು ದಿನ, ತಲೆಗೆ ದಿನಕ್ಕೆ ಒಂದೂವರೆ ಲೀಟರ್ ಕುದಿನೀರು ಎಂದಿಟ್ಟುಕೊಂಡರೂ 27 ಲೀಟರ್. ಅದಕ್ಕೆ 400 ಗ್ರಾಂನ ಆಸುಪಾಸು ಅನಿಲ ಸಾಕು. ನಿಮ್ಮ ಎರಡು ಕ್ಯಾನಿಸ್ಟರ್‌ಗಳಲ್ಲಿ 460 ಗ್ರಾಂ ಇದೆ. ಹಿಮವನ್ನು ಕರಗಿಸಿ ನೀರು ಮಾಡಿಕೊಳ್ಳಬೇಕಾದ ಜಾಗವಾದರೆ ಲೆಕ್ಕ ಬದಲಾಗುತ್ತದೆ, ಏಕೆಂದರೆ ಒಂದು ಕಿಲೋ ಹಿಮ ಬರೀ ಕರಗುವುದಕ್ಕೇ ಮತ್ತೊಂದು 334 ಕಿಲೋಜೂಲ್ ಬೇಡುತ್ತದೆ. ಬೇಸಿಗೆಯಲ್ಲಿ, ಹರಿಯುವ ನೀರು ಇರುವ ಕಡೆ, ಒಂದು ಗಾಳಿತಡೆ ಇಟ್ಟುಕೊಂಡರೆ ವೈಟ್ ಗ್ಯಾಸ್ ಬಾಟಲಿಯನ್ನು ಮನೆಯಲ್ಲಿಯೇ ಬಿಡಬಹುದು. ವಿಮಾನದಲ್ಲಿ ಇಲ್ಲದ ಇಂಧನ ಸೋರುವುದಿಲ್ಲ. ಆದರೆ ಆ ಗಾಳಿತಡೆಯನ್ನು ಕ್ಯಾನಿಸ್ಟರ್‌ನ ಸುತ್ತ ಪೂರ್ತಿ ಮುಚ್ಚಬೇಡಿ. ಮೇಲೆ ಹೇಳಿದ ಶಾಖದ ಲೆಕ್ಕ ನೆಲದ ಮೇಲೆಯೂ ಅದೇ.

ಆದರೂ ದ್ರವ ಇಂಧನವನ್ನೇ ಒಯ್ಯಬೇಕಾದವರಿಗಾಗಿ ನಾನೇ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ತಗ್ಗಿನ ಊರಿನಲ್ಲಿ ಕುತ್ತಿಗೆಯವರೆಗೆ ತುಂಬಿ ಮುಚ್ಚಿದ ಇಂಧನದ ಬಾಟಲಿಯೊಂದನ್ನು ಜತೆಗಿದ್ದವರೊಬ್ಬರು ಎತ್ತರದ ಏರ್‌ಸ್ಟ್ರಿಪ್‌ನಲ್ಲಿ ಇಳಿದ ಕೂಡಲೇ, ವಿಮಾನದ ಬಾಗಿಲ ಬಳಿಯೇ ನಿಂತು, ಒಲೆಗೆ ಇಂಧನ ನೂಕುವ ಪಂಪ್ ಕೂಡಿಸಲೆಂದು ತೆರೆದರು. ಮುಚ್ಚಳ ಅರ್ಧ ಸುತ್ತು ಬಿಡುವಷ್ಟರಲ್ಲಿ ಹುಸ್ಸೆಂದು ಸದ್ದಾಗಿ, ಇಂಧನ ಬೆರಳುಗಳ ಸಂದಿಯಿಂದ ಚಿಮ್ಮಿ ಅವರ ಅಂಗಿಯ ತೋಳನ್ನೆಲ್ಲ ನೆನೆಸಿತು. ಅಂಗೈ ಮೇಲೆ ತಣ್ಣಗೆ ಆರುತ್ತಿದ್ದ ಆ ದ್ರವದ ವಾಸನೆ ಎಲ್ಲರಿಗೂ ಹೊಡೆಯುತ್ತಿರುವಾಗ, ನಾಲ್ಕು ಹೆಜ್ಜೆ ಆಚೆ ವಿಮಾನದ ಎಂಜಿನ್ ಇನ್ನೂ ಬಿಸಿಯಾಗಿಯೇ ಇತ್ತು. ಅಂದು ಏನೂ ಆಗಲಿಲ್ಲ. ಒಳಗೆ ಸಿಕ್ಕಿಕೊಂಡಿದ್ದ ತಗ್ಗಿನೂರಿನ ಗಾಳಿ, ಹಿಗ್ಗಲು ಜಾಗವಿಲ್ಲದ ದ್ರವವನ್ನು ಹೊರಕ್ಕೆ ನೂಕಿತ್ತು, ಅಷ್ಟೇ. ಬಾಟಲಿಯ ಮೇಲೆ ಗುರುತು ಮಾಡಿದ ಗೆರೆಯವರೆಗೆ ಮಾತ್ರ ತುಂಬಬೇಕೆಂಬ ಸೂಚನೆಯ ಬೆಲೆ ನನಗೆ ಆ ದಿನ ತಿಳಿಯಿತು. ಪೆಟ್ರೋಲ್ ಜಾತಿಯ ಇಂಧನ 30 ಡಿಗ್ರಿ ಕಾದರೆ ಶೇಕಡಾ 3ರಷ್ಟು ಹಿಗ್ಗುತ್ತದೆ, ಅಂದರೆ ಲೀಟರಿಗೆ ಎರಡು ದೊಡ್ಡ ಚಮಚದಷ್ಟು. ಆ ಹಿಗ್ಗುವಿಕೆಗೂ ಮೇಲಿನ ಗಾಳಿಗೂ ಜಾಗ ಇರಲೇಬೇಕು. ಹಾರಾಟದಲ್ಲಿ ಬಾಟಲಿಗೆ ಪಂಪ್ ಕೂಡಿಸಿರಬಾರದು; ರಬ್ಬರ್ ವಾಷರ್ ಬಿರಿಯದೆ ಚೆನ್ನಾಗಿರುವ ಗಟ್ಟಿ ಮುಚ್ಚಳವನ್ನೇ ಬಿಗಿದಿರಬೇಕು. ಅಂಗಡಿಯಿಂದ ಬಂದ ತೆಳು ತಗಡಿನ ಚೌಕ ಡಬ್ಬಿಯಲ್ಲಿ ಮೈ ಉಬ್ಬಿ, ಒಮ್ಮೆ ತೆರೆದ ಮುಚ್ಚಳದ ಅಂಚಿನಲ್ಲಿ ಇಂಧನ ಜಿನುಗುವುದು ಸಾಮಾನ್ಯ. ಅದನ್ನು ಹಾಗೆಯೇ ಒಯ್ಯಬೇಡಿ. ಇಂಧನವನ್ನು ಬಾಟಲಿಗೆ ಸುರಿಯುವ ಕೆಲಸವನ್ನು ವಿಮಾನದಿಂದ ದೂರ, ನೆಲದ ಮೇಲೆ ಇಟ್ಟು ಮಾಡಿ.

ವಿಮಾನದ ಒಳಗೆ ಎಲ್ಲಿಡಬೇಕು ಎಂಬುದು ವಿಮಾನದಿಂದ ವಿಮಾನಕ್ಕೆ ಬೇರೆ. ಹೊಟ್ಟೆಯ ಕೆಳಗೆ ಸಾಮಾನಿನ ಪೆಟ್ಟಿಗೆ ಜೋಡಿಸಿರುವ ವಿಮಾನಗಳಲ್ಲಿಯೂ, ನೀರಿನ ಮೇಲೆ ಇಳಿಯುವ ವಿಮಾನಗಳ ತೇಲುದೋಣಿಗಳ ಒಳಗಿನ ಅರೆಗಳಲ್ಲಿಯೂ ಇಡಲು ಸಾಧ್ಯವಾದರೆ ಅದೇ ಉತ್ತಮ, ಏಕೆಂದರೆ ಸೋರಿದ್ದು ಜನರಿರುವ ಕೋಣೆಗೆ ಬರುವುದಿಲ್ಲ. ಕೋಣೆಯೊಳಗೇ ಇಡಬೇಕಾದರೆ ನೆಟ್ಟಗೆ ನಿಲ್ಲಿಸಿ, ಸುತ್ತ ಬಟ್ಟೆ ತುರುಕಿ, ಭಾರದ ಸಾಮಾನು ಮೇಲೆ ಬೀಳದಂತೆ ಕಟ್ಟಿ, ಬಿಸಿಗಾಳಿ ಬರುವ ಕಿಂಡಿಯಿಂದ ದೂರ ಇರಿಸಿ. ಬೆಟ್ಟದ ಮೇಲಿನ ಗಾಳಿಯ ಏಟಿಗೆ ಕಟ್ಟದ ಬಾಟಲಿ ಮಾಡು ಮುಟ್ಟಿ ಬರುತ್ತದೆ.

ಈಗ ಆ ‘ಸುಮ್ಮನಿರಿ’ ಎಂಬ ಮಾತಿಗೆ ಬರೋಣ. ವಿಮಾನದಲ್ಲಿ ಏನು ಏರುತ್ತದೆ, ಏನು ಏರುವುದಿಲ್ಲ ಎಂಬುದನ್ನು ತೀರ್ಮಾನಿಸುವವರು ಪೈಲಟ್. ಅಮೆರಿಕದ ವಿಮಾನಯಾನ ನಿಯಮಾವಳಿಯ 91.3ನೇ ನಿಯಮ ವಿಮಾನದ ಕಾರ್ಯಾಚರಣೆಗೆ ಪೈಲಟ್ಟೇ ನೇರ ಹೊಣೆಗಾರ, ಅಂತಿಮ ಅಧಿಕಾರವೂ ಅವರದೇ ಎಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ನಾನು ಹೇಳಹೊರಟಿರುವ ಕಾರಣ ಕಾನೂನಿನದಲ್ಲ. ಪೈಲಟ್‌ಗೆ ಕೋಣೆಯೊಳಗೆ ಇಂಧನದ ವಾಸನೆ ಬಂದರೆ ಅವರು ಮೊದಲು ಶಂಕಿಸುವುದು ತಮ್ಮ ವಿಮಾನದ ಟ್ಯಾಂಕನ್ನು, ಕೊಳವೆಯನ್ನು, ಎಂಜಿನ್ನನ್ನು. ಚೀಲದ ತಳದಲ್ಲಿ ನೀವು ಅಡಗಿಸಿಟ್ಟ ಬಾಟಲಿ ಜಿನುಗಿದರೆ, ಏನೂ ಕೆಡದ ವಿಮಾನವನ್ನು ಅವರು ಸಿಕ್ಕ ಬಯಲಿನಲ್ಲಿ ಇಳಿಸಲು ಹೊರಡಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ‘ಓ, ಅದು ನಮ್ಮ ಒಲೆಯ ವಾಸನೆ’ ಎಂದು ನೀವು ಸಮಾಧಾನ ಹೇಳಿದಾಗ ವಿಮಾನದ ಕೊಳವೆಯೇ ಸೋರುತ್ತಿರಬಹುದು. ಏನಿದೆ, ಎಷ್ಟಿದೆ, ಎಲ್ಲಿದೆ ಎಂಬ ಮೂರನ್ನೂ ಪೈಲಟ್‌ಗೆ ಹೊರಡುವ ಹಿಂದಿನ ದಿನವೇ ಹೇಳಿ, ಹತ್ತುವಾಗ ಕೈತೋರಿಸಿ ಮತ್ತೊಮ್ಮೆ ಹೇಳಿ. ಅವರು ಬೇಡವೆಂದರೆ ಬೇಡ. ಗೆಳೆತನವನ್ನು ಮುಂದಿಟ್ಟು ಒತ್ತಾಯಿಸಬೇಡಿ.

ಪ್ರಶ್ನೆ: ನಾವು ಅಲಾಸ್ಕಾದ ಗೇಟ್ಸ್ ಆಫ್ ದಿ ಆರ್ಕ್ಟಿಕ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಲಿದ್ದೇವೆ. ಫೇರ್‌ಬ್ಯಾಂಕ್ಸ್‌ವರೆಗೆ ದೊಡ್ಡ ವಿಮಾನ, ಅಲ್ಲಿಂದ ಬೆಟಲ್ಸ್ ಎಂಬ ಹಳ್ಳಿಗೆ ವೇಳಾಪಟ್ಟಿಯ ಸಣ್ಣ ವಿಮಾನ, ಬಳಿಕ ನೀರಿನ ಮೇಲೆ ಇಳಿಯುವ ಬಾಡಿಗೆಯ ಫ್ಲೋಟ್‌ಪ್ಲೇನ್. ಈ ಮೂರು ಹಂತಗಳಲ್ಲಿ ಒಲೆ ಮತ್ತು ಇಂಧನದ ನಿಯಮ ಒಂದೇ ಆಗಿದೆಯೇ?

ಉತ್ತರ: ಒಂದೇ ಅಲ್ಲ. ಈ ವ್ಯತ್ಯಾಸ ತಿಳಿಯದೆ ಕೊನೆಯ ಗಳಿಗೆಯಲ್ಲಿ ಇಂಧನವಿಲ್ಲದೆ ನಿಲ್ಲುವವರಿದ್ದಾರೆ.

ದೊಡ್ಡ ವಿಮಾನದಲ್ಲಿ ಇಂಧನ ಯಾವ ರೂಪದಲ್ಲಿಯೂ ಸಲ್ಲದು: ಕ್ಯಾನಿಸ್ಟರ್, ದ್ರವ, ಉರಿಸುವ ಬಿಲ್ಲೆ, ಯಾವುದೂ ಕೈಚೀಲದಲ್ಲಿಯೂ ಇರಬಾರದು, ಒಪ್ಪಿಸುವ ಸಾಮಾನಿನಲ್ಲಿಯೂ ಇರಬಾರದು. ಒಲೆಯನ್ನು ಒಯ್ಯಬಹುದಾದರೂ ಅದರಲ್ಲಿ ಇಂಧನದ ಆವಿಯೂ ಉಳಿದಿರಬಾರದು. ದ್ರವ ಇಂಧನದ ಒಲೆಗೆ ಅಂತರರಾಷ್ಟ್ರೀಯ ವಿಮಾನಯಾನದಲ್ಲಿ ಒಪ್ಪಿರುವ ಕ್ರಮವೊಂದಿದೆ: ಟ್ಯಾಂಕನ್ನು ಬರಿದುಮಾಡಿ ಒಂದು ಗಂಟೆಯಾದರೂ ಬಸಿಯಲು ಬಿಟ್ಟು, ಬಳಿಕ ಮುಚ್ಚಳ ತೆರೆದು ಕನಿಷ್ಠ ಆರು ಗಂಟೆ ಆರಲು ಇಟ್ಟು, ಆಮೇಲೆ ಮುಚ್ಚಿ, ಹೀರುವ ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದು. ಇದಕ್ಕೂ ಆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ವರ್ಷಗಟ್ಟಲೆ ಬಳಸಿದ ಒಲೆಗೆ ವಾಸನೆ ಅಂಟಿಯೇ ಇರುತ್ತದೆ. ತಪಾಸಣೆಯವರು ಮೂಸಿ ನೋಡಿ ತೆಗೆದಿಟ್ಟುಕೊಂಡರೆ ನಿಮ್ಮ ಪ್ರವಾಸದಲ್ಲಿ ಒಲೆಯೇ ಇಲ್ಲವಾಗುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಿಗೆ ಎರಡು ದಿನ ಇಟ್ಟು, ಮೊದಲು ನೀವೇ ಮೂಸಿ ನೋಡಿ.

ಮೂರನೆಯ ಹಂತಕ್ಕೆ ಅಮೆರಿಕದಲ್ಲಿ ವಿಶೇಷವಾದ ನಿಯಮವಿದೆ. ಅಪಾಯಕಾರಿ ವಸ್ತುಗಳ ಸಾಗಣೆಯ ನಿಯಮಾವಳಿಯ 175.310ನೇ ನಿಯಮವು, ಅಲಾಸ್ಕಾದ ಒಳಗೆ ಅಥವಾ ಅಮೆರಿಕದ ಬೇರೆ ದುರ್ಗಮ ಪ್ರದೇಶಗಳಿಗೆ ಹಾರುವ ಸಣ್ಣ ಪ್ರಯಾಣಿಕ ವಿಮಾನಗಳು, ಇಂಧನ ತಲುಪಿಸಲು ಬೇರೆ ದಾರಿ ಕಾರ್ಯಸಾಧ್ಯವಲ್ಲದಿದ್ದಾಗ, ಪ್ರಯಾಣಿಕರ ಅಗತ್ಯಕ್ಕಾಗಿ 20 ಗ್ಯಾಲನ್‌ವರೆಗೆ, ಅಂದರೆ 76 ಲೀಟರ್‌ವರೆಗೆ, ಹೊತ್ತಿಕೊಳ್ಳುವ ದ್ರವ ಇಂಧನವನ್ನು ಒಯ್ಯಲು ಅವಕಾಶ ಕೊಡುತ್ತದೆ. ಇಂಧನ ಸೋರದ ಲೋಹದ ಪಾತ್ರೆಯಲ್ಲಿದ್ದು, ಆ ಪಾತ್ರೆ ನಿಗದಿಯಾದ ಹೊರಪೆಟ್ಟಿಗೆಯೊಳಗೆ ಇರಬೇಕು; ಇಟ್ಟ ಜಾಗದಲ್ಲಿ ಆವಿ ಕಟ್ಟಿಕೊಳ್ಳದಂತೆ ಗಾಳಿಯಾಡಬೇಕು; ಬೀಡಿ ಸಿಗರೇಟು, ಬೆಂಕಿಕಡ್ಡಿ, ಕಿಡಿ ಹುಟ್ಟಿಸುವ ಯಾವುದನ್ನೂ ಬಳಸದಂತೆ ಪೈಲಟ್ ತಡೆಯಬೇಕು; ಇಂಧನ ಎಲ್ಲಿದೆ, ಅದರ ಅಪಾಯವೇನು ಎಂಬುದನ್ನು ಹಾರುವ ಮೊದಲು ಪ್ರತಿಯೊಬ್ಬ ಪ್ರಯಾಣಿಕರಿಗೂ ತಿಳಿಸಬೇಕು. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿದೆ. ಪ್ರಯಾಣಿಕರು ಪೈಲಟ್‌ಗೆ ಹೇಳಬೇಕೆಂದು ಮೇಲೆ ಬರೆದೆ. ಪೈಲಟ್ಟೂ ಪ್ರಯಾಣಿಕರಿಗೆ ಹೇಳಬೇಕೆಂದು ಕಾನೂನೇ ಬಯಸುತ್ತದೆ.

ಆದರೆ ಈ ಅವಕಾಶ ವೇಳಾಪಟ್ಟಿಯಂತೆ ಹಾರುವ ಪ್ರಯಾಣಿಕ ವಿಮಾನಗಳಿಗೆ ಇಲ್ಲ. ಆದ್ದರಿಂದ ಫೇರ್‌ಬ್ಯಾಂಕ್ಸ್‌ನಿಂದ ಬೆಟಲ್ಸ್‌ಗೆ ಹೋಗುವ ನಿಮ್ಮ ಎರಡನೆಯ ಹಂತದಲ್ಲಿ, ವಿಮಾನ ಎಷ್ಟೇ ಚಿಕ್ಕದಿರಲಿ, ದೊಡ್ಡ ವಿಮಾನದ ನಿಯಮವೇ ಎಂದು ತಿಳಿಯಿರಿ. ಇನ್ನೊಂದು ಮಾತು: 175.310 ಹೇಳುವುದು ದ್ರವ ಇಂಧನದ ಬಗ್ಗೆ. ಒತ್ತಡದ ಅನಿಲವಿರುವ ಕ್ಯಾನಿಸ್ಟರ್ ಅದರಲ್ಲಿ ಸೇರಿಲ್ಲ. ಸರಿಯಾದ ದಾರಿಯೆಂದರೆ ಆಸನ ಕಾಯ್ದಿರಿಸುವ ದಿನವೇ ಬಾಡಿಗೆ ವಿಮಾನದವರಿಗೆ ಬರೆದು, ನಿಮ್ಮ ಒಲೆ ಯಾವ ಬಗೆಯದು, ಯಾವ ಇಂಧನ ಎಷ್ಟು ಬೇಕು, ಅದನ್ನು ಅವರೇ ಬೆಟಲ್ಸ್‌ನಲ್ಲಿ ಒದಗಿಸಬಲ್ಲರೇ ಎಂದು ಕೇಳುವುದು. ಒಳಗೆ ರಸ್ತೆಯಾಗಲಿ ಕಡೆದ ಕಾಲುದಾರಿಯಾಗಲಿ ಇಲ್ಲದ ಉದ್ಯಾನ ಅದು. ನಿಮ್ಮಂತೆಯೇ ಕೇಳಿದವರು ಅವರಿಗೆ ಹೊಸಬರಲ್ಲ. ಅವರು ಕೊಡುವ ಇಂಧನಕ್ಕೆ ಹೊಂದುವ ಒಲೆಯನ್ನೇ ನೀವು ಒಯ್ಯಿರಿ. ಒಲೆಯನ್ನು ಮೊದಲು ಆರಿಸಿ ಆಮೇಲೆ ಇಂಧನ ಹುಡುಕುವುದು ಇಲ್ಲಿ ನಡೆಯುವುದಿಲ್ಲ. ಕರಡಿಯನ್ನು ಓಡಿಸುವ ಸ್ಪ್ರೇ ಡಬ್ಬಿಯ ಬಗ್ಗೆಯೂ ಅದೇ ಪತ್ರದಲ್ಲಿ ಕೇಳಿ. ಅದು ಕೋಣೆಯೊಳಗೆ ಸಿಡಿದರೆ ಪೈಲಟ್‌ಗೆ ಕಣ್ಣು ಬಿಡಲಾಗದು. ಅದನ್ನು ಸಾಮಾನ್ಯವಾಗಿ ತೇಲುದೋಣಿಯ ಅರೆಯಲ್ಲಿ ಇಡುತ್ತಾರೆ.

ಪ್ರಶ್ನೆ: ವಿಮಾನದ ರೆಕ್ಕೆಯ ಟ್ಯಾಂಕಿನಲ್ಲಿಯೇ ನೂರಾರು ಲೀಟರ್ ಪೆಟ್ರೋಲ್ ಇರುವಾಗ ಬೇರೆ ಇಂಧನ ಒಯ್ಯುವುದೇಕೆ? ಇಳಿದ ಮೇಲೆ ತಳದ ಕವಾಟದಿಂದ ಅರ್ಧ ಲೀಟರ್ ಬಸಿದುಕೊಂಡರೆ ನನ್ನ ಒಲೆ ಅದರಲ್ಲಿ ಉರಿಯುವುದಿಲ್ಲವೇ?

ಉತ್ತರ: ಪೆಟ್ರೋಲ್‌ನಲ್ಲಿ ಉರಿಯುವ ಒಲೆಯಾದರೆ ಉರಿಯುತ್ತದೆ, ಆದರೆ ದಯವಿಟ್ಟು ಅದರ ಮೇಲೆ ಅಡುಗೆ ಮಾಡಬೇಡಿ. ಸಣ್ಣ ವಿಮಾನಗಳಲ್ಲಿ ಹೆಚ್ಚಾಗಿ ಬಳಸುವ 100 ಎಲ್‌ಎಲ್ ಎಂಬ ನೀಲಿ ಬಣ್ಣದ ಇಂಧನದ ಹೆಸರಿನಲ್ಲಿರುವ ಎರಡು ಅಕ್ಷರಗಳು ‘ಸೀಸ ಕಡಿಮೆ’ ಎಂದು ಸೂಚಿಸುತ್ತವೆ; ಹಳೆಯ ವಿಮಾನ ಇಂಧನಗಳಿಗೆ ಹೋಲಿಸಿದರೆ ಮಾತ್ರ ಅದು ಕಡಿಮೆ. ಲೀಟರಿಗೆ 0.56 ಗ್ರಾಂವರೆಗೆ ಸೀಸ ಅದರಲ್ಲಿ ಇರಬಹುದು. ಎಂಜಿನ್ನಿನಲ್ಲಿ ಉರಿದ ಸೀಸ ಹೊರಗಿನ ಗಾಳಿಗೆ ಸೇರುತ್ತದೆ. ಒಲೆಯಲ್ಲಿ ಉರಿದದ್ದು ಮಂಡಿಯೂರಿ ಪಾತ್ರೆ ಕಲಕುತ್ತಿರುವವರ ಉಸಿರಿಗೆ, ಪಾತ್ರೆಯ ಮೈಗೆ, ಕೈಗೆ ಸೇರುತ್ತದೆ, ಒಲೆಯ ನಳಿಕೆಯ ಕಿರುತೂತನ್ನೂ ಕಟ್ಟುತ್ತದೆ. ಸೀಸ ದೇಹದಲ್ಲಿ ಸೇರಿದರೆ ಬೇಗ ಹೋಗುವ ವಿಷವಲ್ಲ. ಮಕ್ಕಳು ಜತೆಗಿದ್ದರಂತೂ ಈ ಯೋಚನೆಯನ್ನೇ ಬಿಡಿ. ಜೀವ ಉಳಿಸಿಕೊಳ್ಳಲು ಬೆಂಕಿಯೊಂದೇ ದಾರಿ ಎನ್ನುವಂಥ ಇಕ್ಕಟ್ಟು ಬೇರೆ ಮಾತು. ಟರ್ಬೈನ್ ಎಂಜಿನ್ನಿನ ವಿಮಾನದ ಜೆಟ್ ಇಂಧನ ಸೀಮೆಎಣ್ಣೆಯ ಜಾತಿಯದು, ಅದರಲ್ಲಿ ಸೀಸ ಇರುವುದಿಲ್ಲ. ಸೀಮೆಎಣ್ಣೆಗೆ ತಕ್ಕ ನಳಿಕೆಯಿರುವ ಒಲೆಯಲ್ಲಿ ಅದು ಉರಿಯುತ್ತದೆ. ಅದನ್ನೂ ಪೈಲಟ್ ಕೊಟ್ಟರಷ್ಟೇ ಪಡೆಯಿರಿ. ಹಿಂದಿರುಗುವ ದಾರಿಗೆ ಅವರು ಲೆಕ್ಕ ಹಾಕಿ ತುಂಬಿಸಿಕೊಂಡು ಬಂದ ಇಂಧನ ಅದು.

ಪ್ರಶ್ನೆ: ಹಾರಾಟಕ್ಕೆ ಸ್ಪಿರಿಟ್ ಒಲೆ ಎಲ್ಲಕ್ಕಿಂತ ಸುರಕ್ಷಿತ ಎನ್ನುತ್ತಾರೆ. ನಿಜವೇ?

ಉತ್ತರ: ಭಾಗಶಃ ನಿಜ. ಸ್ಪಿರಿಟ್ ಒತ್ತಡದಲ್ಲಿ ಇರುವುದಿಲ್ಲ, ಚೆಲ್ಲಿದರೆ ನೀರಿನಲ್ಲಿ ಬೆರೆತು ತೊಳೆದುಹೋಗುತ್ತದೆ, ಒಲೆಯಲ್ಲಿ ಕೆಡುವಂಥ ಭಾಗವೇ ಇಲ್ಲ. ಆದರೆ 20 ಡಿಗ್ರಿಗೂ ಕಡಿಮೆ ಶಾಖದಲ್ಲಿಯೇ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಸೀಮೆಎಣ್ಣೆಗಾದರೆ 38 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ತೂಕದ ಲೆಕ್ಕದಲ್ಲಿ ಸ್ಪಿರಿಟ್ ಕೊಡುವ ಶಾಖ ಗ್ಯಾಸ್ ಕೊಡುವುದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಕಿಲೋ ಕಿಲೋ ಎಣಿಸಿ ತುಂಬುವ ಸಣ್ಣ ವಿಮಾನದಲ್ಲಿ ಇದೂ ಗಣನೆಗೆ ಬರುತ್ತದೆ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣದಿರುವುದರಿಂದ ಆರಿತೆಂದುಕೊಂಡು ಮತ್ತೆ ಸುರಿದು ಸುಟ್ಟುಕೊಂಡವರಿದ್ದಾರೆ. ಸೋರಿಕೆಯೊಂದನ್ನೇ ನೋಡುವುದಾದರೆ ನನ್ನ ಆಯ್ಕೆ ಸೀಮೆಎಣ್ಣೆ: ಹೊತ್ತಿಸಲು ತ್ರಾಸ, ವಾಸನೆ ಬೇಗ ಹೋಗದು, ಆದರೆ ಚೆಲ್ಲಿದ ತಕ್ಷಣ ಕೋಣೆಯನ್ನು ಆವಿಯಿಂದ ತುಂಬುವುದಿಲ್ಲ.

ಪ್ರಶ್ನೆ: ಹಾರುತ್ತಿರುವಾಗಲೇ ಗ್ಯಾಸಿನ ವಾಸನೆ ಬಂದರೆ ಪ್ರಯಾಣಿಕರು ಮಾಡಬೇಕಾದದ್ದೇನು?

ಉತ್ತರ: ಆ ಕ್ಷಣವೇ ಪೈಲಟ್‌ಗೆ ಹೇಳಿ, ಖಚಿತವಾಗಲಿ ಎಂದು ಕಾಯಬೇಡಿ. ಇಂಧನದ ವಾಸನೆಗೆ ಮೂಗು ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುವುದರಿಂದ, ವಾಸನೆ ಕಡಿಮೆಯಾಯಿತು ಎನ್ನಿಸಿದರೂ ಸೋರಿಕೆ ನಿಂತಿದೆ ಎಂದರ್ಥವಲ್ಲ. ಮುಂದಿನದೆಲ್ಲ ಪೈಲಟ್ ಹೇಳಿದಂತೆ: ಕಿಟಕಿ ಮತ್ತು ತಂಗಾಳಿಯ ಕಿಂಡಿಗಳನ್ನು ತೆರೆಯುವುದು, ಯಾವ ಸ್ವಿಚ್ ಮುಟ್ಟಬೇಕು ಯಾವುದನ್ನು ಮುಟ್ಟಬಾರದು, ಎಲ್ಲಿ ಇಳಿಯಬೇಕು ಎಂಬುದು ಅವರ ಕೆಲಸ. ಚಾರ್ಜರ್, ಟಾರ್ಚ್, ಕ್ಯಾಮೆರಾಗಳನ್ನು ನೀವಾಗಿ ಮುಟ್ಟಬೇಡಿ. ಸೋರುತ್ತಿರುವ ಡಬ್ಬಿ ಕೈಗೆಟುಕುವಂತಿದ್ದರೆ ಅದನ್ನೂ ಪೈಲಟ್‌ಗೆ ಹೇಳಿ. ಕೇಳದೆ ಸೀಟ್‌ಬೆಲ್ಟ್ ಬಿಚ್ಚಿ ಹಿಂದಕ್ಕೆ ಬಾಗಬೇಡಿ.

ಪ್ರಶ್ನೆ: ಚಾರಣ ಮುಗಿದ ಮೇಲೆ ಅರ್ಧ ಉಳಿದ ಕ್ಯಾನಿಸ್ಟರ್ ಅನ್ನು ಏನು ಮಾಡಬೇಕು? ಏರ್‌ಸ್ಟ್ರಿಪ್‌ನ ಬಳಿ ಮುಂದಿನವರಿಗೆಂದು ಬಿಟ್ಟುಬರಬಹುದೇ?

ಉತ್ತರ: ಬಿಟ್ಟುಬರಬೇಡಿ. ಮುಂದಿನವರು ಯಾವಾಗ ಬರುತ್ತಾರೋ ತಿಳಿಯದು. ಅಷ್ಟರಲ್ಲಿ ಬಿಸಿಲು, ಮಳೆ, ಪ್ರಾಣಿಗಳ ಹಲ್ಲು ಮೂರೂ ಅದನ್ನು ಮುಟ್ಟಿರುತ್ತವೆ. ಗಾಳಿಗೆ ಬಿಟ್ಟು ಖಾಲಿ ಮಾಡುವುದು, ಬೆಂಕಿಗೆ ಎಸೆಯುವುದು ಇವೆರಡನ್ನೂ ಮಾಡಲೇಬೇಡಿ. ಕೊನೆಯ ದಿನದ ನೀರನ್ನು ಅದರಲ್ಲಿಯೇ ಧಾರಾಳವಾಗಿ ಕಾಯಿಸಿ, ಉಳಿದದ್ದನ್ನು ಬಂದ ಹಾಗೆಯೇ ಹಿಂದಕ್ಕೆ ತನ್ನಿ. ಆದರೆ ಹೋಗುವಾಗ ಸರಿಯಾಗಿದ್ದ ಕವಾಟ ಬರುವಾಗಲೂ ಸರಿಯಾಗಿರುತ್ತದೆಂದು ನಂಬಬೇಡಿ. ಆರು ದಿನಗಳಲ್ಲಿ ಒಲೆಯನ್ನು ಹತ್ತಾರು ಸಲ ಕೂಡಿಸಿ ಬಿಡಿಸಿರುತ್ತೀರಿ, ಮರಳು ಧೂಳು ತಾಗಿರುತ್ತದೆ. ವಿಮಾನ ಬರುವ ದಿನದ ಬೆಳಿಗ್ಗೆ ಸೋಪಿನ ನೀರಿನ ಹನಿಯನ್ನು ಮತ್ತೊಮ್ಮೆ ಇಟ್ಟು ನೋಡಿ. ಗುಳ್ಳೆ ಎದ್ದರೆ ಒಲೆಯನ್ನು ತಿರುಗಿಸಿ ಕೂಡಿಸಿ, ಅನಿಲ ಮುಗಿಯುವವರೆಗೆ ಬಯಲಿನಲ್ಲಿ ಉರಿಸಿಬಿಡಿ. ಆಮೇಲೆ ಆ ಬರಿದಾದ ಡಬ್ಬಿಯನ್ನು ಪೈಲಟ್‌ಗೆ ತೋರಿಸಿಯೇ ಹತ್ತಿಸಿ.